ಕ್ಲೌಡ್ ಅಂದರೆ ಸರ್ಕಾರಿ ಕಚೇರಿ ಯಾಕೆ ಹಿಂಜರಿಯುತ್ತದೆ? ಪರೀಕ್ಷೆಗೂ ಫೀಲ್ಡ್ ವರ್ಕ್‌ಗೂ ಒಂದು ಟಿಪ್ಪಣಿ

ಹೋದ ವಾರ ಶಿವಮೊಗ್ಗದಲ್ಲಿ ನಾವೆಲ್ಲ ಕೂತು ಓದಿದಾಗ ಈ ಪ್ರಶ್ನೆಗೆ ಎಲ್ಲರೂ ಒಂದೇ ಉತ್ತರ ಬರೆದಿದ್ದೆವು. ಅರಿವಿನ ಕೊರತೆ, ತರಬೇತಿಯ ಕೊರತೆ, ಬದಲಾವಣೆಗೆ ವಿರೋಧ. ನಾನೂ ಅದನ್ನೇ ಬರೆದಿದ್ದೆ. ಭಾನುವಾರ ತೀರ್ಥಹಳ್ಳಿಗೆ ಹೋದಾಗ ಅದನ್ನು ದೊಡ್ಡಪ್ಪನಿಗೆ ಓದಿ ಹೇಳಿದೆ. ಅವರು ಗುಮಾಸ್ತರಾಗಿ ಕೆಲಸಕ್ಕೆ ಸೇರಿ, ಬಹಳ ವರ್ಷ ಅಭಿಲೇಖಾಲಯ ನೋಡಿಕೊಂಡು ನಿವೃತ್ತರಾದವರು.

"ಅರಿವಿಲ್ಲ ಅಂತ ಬರೆದಿದ್ದೀಯಲ್ಲ ಮಾರಾಯ್ತಿ, ಅರಿವು ಇರೋದಕ್ಕೇ ಹೆದರೋದು. ನಾಳೆ ಏನಾದರೂ ಆದರೆ ನೋಟಿಸ್ ಬರೋದು ಯಾರ ಹೆಸರಿಗೆ?" ಅಂದರು.

ಆ ಪ್ರಶ್ನೆ ಇಟ್ಟುಕೊಂಡು ಮತ್ತೆ ಓದಿದೆ. ಪಾಠ ಬೇರೆಯೇ ಕಾಣಿಸಿತು.

ಮೊದಲು ವ್ಯಾಖ್ಯಾನ ಮುಗಿಸಿಬಿಡೋಣ. ಕ್ಲೌಡ್ ಅಂದರೆ ಸರಳವಾಗಿ, ಸ್ವಂತ ಸರ್ವರ್ ಕೊಳ್ಳದೆ ಕಂಪ್ಯೂಟರ್ ಶಕ್ತಿ, ಜಾಗ ಎಲ್ಲ ನೆಟ್ ಮೂಲಕ ಬೇಕಾದಷ್ಟು ಪಡೆಯುವುದು. ಅಮೆರಿಕದಲ್ಲಿ ತಾಂತ್ರಿಕ ಮಾನದಂಡ ರೂಪಿಸುವ ನಿಸ್ಟ್ ಸಂಸ್ಥೆ 2011ರ ಸೆಪ್ಟೆಂಬರಿನಲ್ಲಿ ಕೊಟ್ಟ ವ್ಯಾಖ್ಯಾನವೇ ಎಲ್ಲ ಕಡೆ ಚಾಲ್ತಿಯಲ್ಲಿದೆ. ಅದರಲ್ಲಿ ಐದು ಲಕ್ಷಣಗಳಿವೆ: ಬೇಕಾದಾಗ ಯಾರನ್ನೂ ಕೇಳದೆ ತಾವೇ ಪಡೆಯುವುದು, ನೆಟ್ ಮೂಲಕ ಸಿಗುವುದು, ಒಂದೇ ಸಂಪನ್ಮೂಲವನ್ನು ಹಲವರು ಹಂಚಿಕೊಳ್ಳುವುದು, ಬೇಗ ಹಿಗ್ಗಿ ಕುಗ್ಗುವುದು, ಬಳಸಿದಷ್ಟನ್ನು ಅಳೆಯುವುದು. ಸೇವಾ ಮಾದರಿ ಮೂರು: ಸಿದ್ಧ ಸಾಫ್ಟ್‌ವೇರ್, ಸಾಫ್ಟ್‌ವೇರ್ ಕಟ್ಟಲು ಪ್ಲಾಟ್‌ಫಾರ್ಮ್, ಸರ್ವರ್‌ನಂಥ ಮೂಲಸೌಕರ್ಯ. ಬಗೆ ನಾಲ್ಕು: ಖಾಸಗಿ, ಸಮುದಾಯ, ಸಾರ್ವಜನಿಕ, ಮಿಶ್ರ. ಇಲ್ಲಿ 'ಖಾಸಗಿ' ಅಂದರೆ ಖಾಸಗಿ ಕಂಪನಿಯದು ಅಂತಲ್ಲ, ಒಂದೇ ಸಂಸ್ಥೆಯ ಬಳಕೆಗೆ ಮೀಸಲಾದದ್ದು ಅಂತ. ಕಳೆದ ಟೆಸ್ಟ್‌ನಲ್ಲಿ ಇದರಲ್ಲೇ ಎಡವಿದ್ದೆವು, ನೆನಪಿದೆ ಅಲ್ವಾ?

ನಮ್ಮ ಕಡೆಯವರಿಗೆ ಇದು ಅಡಿಕೆ ಸುಲಿಯುವ ಯಂತ್ರದಿಂದ ಬೇಗ ಅರ್ಥವಾಗುತ್ತದೆ. ಕೊಯ್ಲು ಇರುವುದು ಕೆಲವೇ ತಿಂಗಳು. ಸ್ವಂತ ಯಂತ್ರ ತಂದರೆ ಉಳಿದ ದಿನವೆಲ್ಲ ಕೊಟ್ಟಿಗೆಯಲ್ಲಿ ದೂಳು ತಿನ್ನುತ್ತದೆ. ಅದಕ್ಕೇ ಎಷ್ಟೋ ಮನೆಗಳಲ್ಲಿ ಬಾಡಿಗೆಗೆ ಕರೆಸುತ್ತಾರೆ, ಸುಲಿದಷ್ಟಕ್ಕೆ ದುಡ್ಡು ಕೊಡುತ್ತಾರೆ. ಸರ್ಕಾರಿ ಸರ್ವರ್ ಕತೆಯೂ ಅದೇ. ವರ್ಷವಿಡೀ ಅರ್ಧ ಖಾಲಿ, ಫಲಿತಾಂಶದ ದಿನ ಅಥವಾ ಯೋಜನೆಯ ಅರ್ಜಿ ಶುರುವಾದ ದಿನ ಉಸಿರು ಕಟ್ಟುತ್ತದೆ.

ಆದರೆ ಈ ಹೋಲಿಕೆ ಒಂದು ಕಡೆ ಮುರಿಯುತ್ತದೆ. ಯಂತ್ರ ನಮ್ಮ ಅಂಗಳಕ್ಕೆ ಬರುತ್ತದೆ. ಕ್ಲೌಡ್‌ನಲ್ಲಿ ನಮ್ಮ ಫಸಲನ್ನೇ ಬೇರೆಯವರ ಅಂಗಳಕ್ಕೆ ಕಳಿಸಬೇಕು. ಭಯ ಹುಟ್ಟುವುದು ಅಲ್ಲಿ.

ಬೇರೆ ದೇಶಗಳು ಈ ಭಯವನ್ನು ಆದೇಶದಿಂದಲೇ ಓಡಿಸಲು ನೋಡಿದವು. ಅಮೆರಿಕದಲ್ಲಿ 2010ರ ಡಿಸೆಂಬರಿನಲ್ಲಿ, ವಿವೇಕ್ ಕುಂದ್ರಾ ಅಲ್ಲಿನ ಮುಖ್ಯ ಮಾಹಿತಿ ಅಧಿಕಾರಿಯಾಗಿದ್ದಾಗ, 'ಕ್ಲೌಡ್ ಫಸ್ಟ್' ನೀತಿ ಬಂತು. ಪ್ರತಿ ಸಂಸ್ಥೆಯೂ ಕ್ಲೌಡ್‌ಗೆ ಹೋಗಲೇಬೇಕಾದ ಮೂರು ಸೇವೆ ಗುರುತಿಸಬೇಕು. ಒಂದು 12 ತಿಂಗಳಲ್ಲಿ, ಉಳಿದೆರಡು 18 ತಿಂಗಳಲ್ಲಿ ಹೋಗಬೇಕು. ಬ್ರಿಟನ್ 2013ರಲ್ಲಿ ಇಂಥದ್ದೇ ನೀತಿ ತಂದಿತು. ಗಡುವು ಕೊಟ್ಟರೆ ಏನಾಗುತ್ತದೆ ಅಂತ ಕಚೇರಿ ನೋಡಿದವರಿಗೆ ಗೊತ್ತು. ಸುಲಭವಾದದ್ದನ್ನು, ಇಮೇಲ್‌ನಂಥದ್ದನ್ನು, ಮೊದಲು ದಾಟಿಸುತ್ತಾರೆ. ಕಷ್ಟದ್ದು ಹಾಗೇ ಉಳಿಯುತ್ತದೆ. 2019ರ ಹೊತ್ತಿಗೆ ಅಮೆರಿಕ ಹೆಸರನ್ನೇ 'ಕ್ಲೌಡ್ ಸ್ಮಾರ್ಟ್' ಅಂತ ಬದಲಿಸಿತು. ಎಲ್ಲವನ್ನೂ ತಳ್ಳಬೇಡಿ, ಯಾವುದು ಹೊಂದುತ್ತದೋ ಅದನ್ನು ನೋಡಿ ಕಳಿಸಿ ಅಂತ ಅದರ ತಾತ್ಪರ್ಯ.

ನನ್ನ ಪ್ರಕಾರ ಅಲ್ಲಿ ನಿಜಕ್ಕೂ ಕೆಲಸ ಮಾಡಿದ್ದು 2011ರ ಕೊನೆಯಲ್ಲಿ ಶುರುವಾದ ಫೆಡ್‌ರ‍್ಯಾಂಪ್ ಅನ್ನುವ ಸರ್ಕಾರಿ ಯೋಜನೆ. ಒಂದು ಕ್ಲೌಡ್ ಸೇವೆಯ ಸುರಕ್ಷತೆಯನ್ನು ಒಮ್ಮೆ ಪರಿಶೀಲಿಸಿದರೆ ಉಳಿದ ಇಲಾಖೆಗಳೂ ಅದನ್ನೇ ಬಳಸಿಕೊಳ್ಳಬಹುದು. ಅಂದರೆ ಅಧಿಕಾರಿ ಒಬ್ಬನೇ ನಿಂತು ಸಹಿ ಹಾಕಬೇಕಾಗಿಲ್ಲ. ಭಾರತದಲ್ಲಿ ಸುಮಾರಾಗಿ ಇದೇ ಕೆಲಸ ಮಾಡುವುದು ಐಟಿ ಸಚಿವಾಲಯ ಒಪ್ಪಿದ ಕ್ಲೌಡ್ ಕಂಪನಿಗಳ ಪಟ್ಟಿ. ಕಂಪನಿ ಎಸ್‌ಟಿಕ್ಯೂಸಿ (ಸಚಿವಾಲಯದ ಗುಣಮಟ್ಟ ಪರೀಕ್ಷೆಯ ಸಂಸ್ಥೆ) ಆಡಿಟ್ ದಾಟಬೇಕು, ಮಾಹಿತಿ ಭಾರತದೊಳಗೇ ಇರಬೇಕು. ನಮ್ಮ ಸರ್ಕಾರಿ ಕ್ಲೌಡ್ ಯೋಜನೆಯ ಹೆಸರು ಮೇಘರಾಜ್. ಅದರಡಿ ಎನ್‌ಐಸಿ (ಕೇಂದ್ರ ಸರ್ಕಾರದ್ದೇ ಆದ ಕಂಪ್ಯೂಟರ್ ಸೇವಾ ಸಂಸ್ಥೆ) ನಡೆಸುವ ರಾಷ್ಟ್ರೀಯ ಕ್ಲೌಡ್ 2014ರ ಫೆಬ್ರವರಿಯಲ್ಲಿ ಶುರುವಾಯಿತು. ಎನ್‌ಐಸಿ ಕ್ಲೌಡ್ ಅಂದರೆ ಇಲಾಖೆಗಳಿಗೆ ಅಷ್ಟು ಅಳುಕಿಲ್ಲ, ಯಾಕೆಂದರೆ ಅದು ನಮ್ಮವರದೇ ಅಂಗಳ.

ಈಗ ದೊಡ್ಡಪ್ಪನ ಪ್ರಶ್ನೆ. ಉತ್ತರ ಪತ್ರಿಕೆಯಲ್ಲಿ ಜಾಸ್ತಿ ಜಾಗ ಕೊಡಬೇಕಾದದ್ದು ಇದಕ್ಕೆ.

ಕಚೇರಿಗೆ ಸರ್ವರ್ ಬಂದರೆ ಅದು ಸ್ಟಾಕ್ ರಿಜಿಸ್ಟರ್‌ಗೆ ಏರುತ್ತದೆ. ಮೇಲೆ ನಂಬರ್ ಬರೆಯುತ್ತಾರೆ. ಆಡಿಟ್‌ನವರು ಬಂದಾಗ 'ಇಗೋ ಇಲ್ಲಿದೆ' ಅಂತ ಬೆರಳು ಮಾಡಿ ತೋರಿಸಬಹುದು. ಕ್ಲೌಡ್‌ಗೆ ಕೊಟ್ಟ ದುಡ್ಡಿಗೆ ತೋರಿಸಲು ಏನೂ ಇಲ್ಲ, ಬಿಲ್ ಒಂದೇ. ಆ ಬಿಲ್ ತಿಂಗಳಿಂದ ತಿಂಗಳಿಗೆ ಬೇರೆ. ಸರ್ಕಾರದ ಬಜೆಟ್ ಇದಕ್ಕೆ ಒಗ್ಗುವುದಿಲ್ಲ. ಸರ್ವರ್ ಖರೀದಿ ಬಂಡವಾಳ ವೆಚ್ಚ, ಒಮ್ಮೆ ಮಂಜೂರಾದರೆ ಮುಗಿಯಿತು. ಕ್ಲೌಡ್ ಬಾಡಿಗೆ ರಾಜಸ್ವ ವೆಚ್ಚ, ಪ್ರತಿ ವರ್ಷ ಕೇಳಬೇಕು. ಮಾರ್ಚ್ 31ರೊಳಗೆ ಅನುದಾನ ಮುಗಿಸಬೇಕಾದವರಿಗೆ ಯಾವುದು ಅನುಕೂಲ, ನೀವೇ ಹೇಳಿ. ಹಿಗ್ಗುವುದು ಕುಗ್ಗುವುದು ಕ್ಲೌಡ್‌ನ ದೊಡ್ಡ ಗುಣ ಅಂತ ಪುಸ್ತಕ ಹೇಳುತ್ತದೆ. ಲೆಕ್ಕಪತ್ರ ವಿಭಾಗಕ್ಕೆ ಅದೇ ದೊಡ್ಡ ತಲೆನೋವು.

ಕಾನೂನು ಕೂಡ ಈ ಅಳುಕಿಗೆ ಕಾರಣ ಕೊಡುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ನೋಡಿ. ಮಾಹಿತಿ ಸಂಸ್ಕರಿಸುವ ಕೆಲಸ ಬೇರೆಯವರಿಗೆ ಕೊಟ್ಟರೂ, ಯಾವ ಉದ್ದೇಶಕ್ಕೆ ಹೇಗೆ ಬಳಸಬೇಕು ಅಂತ ನಿರ್ಧರಿಸಿದವರದೇ ಹೊಣೆ. ಕೆಲಸ ಹೊರಗೆ ಹೋಗುತ್ತದೆ, ಹೊಣೆ ಮಾತ್ರ ಒಳಗೇ. ದೊಡ್ಡಪ್ಪ ಈ ಕಾಯ್ದೆ ಓದಿಲ್ಲ. ಆದರೂ ಸರಿಯಾಗಿಯೇ ಹೇಳಿದ್ದರು.

ಹೊಣೆಯ ಈ ಗಂಟನ್ನು ಬಿಡಿಸಿದ ಹಳೆಯ ಉದಾಹರಣೆ ಕರ್ನಾಟಕದಲ್ಲೇ ಇದೆ. ಭೂಮಿ ಯೋಜನೆ. ಅದು ಕ್ಲೌಡ್ ಅಲ್ಲ, ನಿಜ. 2000ದ ಸುಮಾರಿಗೆ, ಸುಮಾರು 2 ಕೋಟಿ ಪಹಣಿಗಳು ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕದಿಂದ ಕಂಪ್ಯೂಟರ್‌ಗೆ ಬಂದವು. ರೈತರು 15 ರೂಪಾಯಿ ಕೊಟ್ಟು ತಾಲೂಕು ಕಚೇರಿಯಲ್ಲೇ ಪಹಣಿ ಪಡೆದರು. ನಾವು ಗಮನಿಸಬೇಕಾದದ್ದು ಎರಡು. ಒಂದು, ಕೈಬರಹದ ಪಹಣಿಗೆ ಕಾನೂನು ಮಾನ್ಯತೆ ತೆಗೆದರು, ಹಿಂದೆ ಹೋಗುವ ದಾರಿ ಮುಚ್ಚಿತು. ಎರಡು, ಸಿಬ್ಬಂದಿ ಬೆರಳಿನ ಗುರುತು ಕೊಟ್ಟು ಕಂಪ್ಯೂಟರ್ ಒಳಹೋಗುವ ವ್ಯವಸ್ಥೆ ಮಾಡಿದರು. ಯಾರು ಏನು ತಿದ್ದಿದರು ಅನ್ನುವುದಕ್ಕೆ ದಾಖಲೆ ಉಳಿಯಿತು. ಕಾಗದದ ಮೇಲಿದ್ದ ಸಹಿಯ ಜಾಗವನ್ನು ಬೆರಳು ತೆಗೆದುಕೊಂಡಿತು. ತಪ್ಪು ಮಾಡಿದವನಿಗೆ ಅದು ಬಲೆ, ಮಾಡದವನಿಗೆ ರಕ್ಷಣೆ.

ಹಾಗಾದರೆ ನಮ್ಮದೇ ಕೋಣೆಯಲ್ಲಿ ಇಟ್ಟುಕೊಂಡರೆ ಮಾಹಿತಿ ಭದ್ರವೇ? 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್‌ನಲ್ಲಿ ಸರ್ಕಾರಿ ಡೇಟಾ ಸೆಂಟರ್‌ನ ಬ್ಯಾಟರಿಗೆ ಬೆಂಕಿ ಬಿತ್ತು. 709 ವ್ಯವಸ್ಥೆಗಳು ನಿಂತವು. ನೌಕರರು ಕಡತ ಇಡುತ್ತಿದ್ದ ಜಿ-ಡ್ರೈವ್‌ನ 858 ಟೆರಾಬೈಟ್ ಮಾಹಿತಿ ಹೋಯಿತು. ಗಾತ್ರ ಜಾಸ್ತಿ ಅಂತ ಅದರ ನಕಲನ್ನು ಬೇರೆ ಕಡೆ ಇಟ್ಟಿರಲಿಲ್ಲ. ಖಾಸಗಿಯವರದ್ದೂ ಹಾಗೇ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಒಂದು ಡೇಟಾ ಸೆಂಟರ್ ಕಟ್ಟಡ ಸುಟ್ಟಿತು. ಬೇರೆ ಕಡೆ ನಕಲು ಇಡದ ಗ್ರಾಹಕರು ಮಾಹಿತಿ ಕಳೆದುಕೊಂಡರು. ಯಾರ ಮನೆ ಅನ್ನುವುದಕ್ಕಿಂತ ಎರಡನೇ ಮನೆ ಇದೆಯೇ ಅನ್ನುವುದು ದೊಡ್ಡದು. ಎಸ್ಟೋನಿಯಾ 2017ರಲ್ಲಿ ಲಕ್ಸೆಂಬರ್ಗ್ ಜೊತೆ ಒಪ್ಪಂದ ಮಾಡಿಕೊಂಡು, ತನ್ನ ಸರ್ಕಾರಿ ಮಾಹಿತಿಯ ನಕಲನ್ನು ಅಲ್ಲಿ ಇಟ್ಟಿದೆ. ಆ ಜಾಗಕ್ಕೆ ರಾಯಭಾರ ಕಚೇರಿಗೆ ಇರುವಂಥ ರಕ್ಷಣೆ ಇದೆ.

ಮಲೆನಾಡಿನ ಮಾತು ಬೇರೆ. ಕಳೆದ ಜುಲೈನಲ್ಲಿ ಒಂದು ಪ್ರಮಾಣಪತ್ರಕ್ಕೆ ಒಂದು ಕಚೇರಿಗೆ ಮೂರು ಸಲ ಅಲೆದೆ. ಮೂರೂ ಸಲ 'ಸರ್ವರ್ ಇಲ್ಲ' ಅಂದರು. ಆಮೇಲೆ ಗೊತ್ತಾಯಿತು, ಸರ್ವರ್ ಚೆನ್ನಾಗಿಯೇ ಇತ್ತು. ದಾರಿಯಲ್ಲಿ ಮರ ಬಿದ್ದು ಕೇಬಲ್ ಹೋಗಿತ್ತು. ಶರಾವತಿಯಿಂದ ರಾಜ್ಯಕ್ಕೆ ಕರೆಂಟ್ ಕೊಡುವ ಜಿಲ್ಲೆಯಲ್ಲೇ ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಇಲ್ಲದ ಊರುಗಳಿವೆ. ಕರೆಂಟ್ ಹೋದ ಸ್ವಲ್ಪ ಹೊತ್ತಿಗೆ ಟವರಿನ ಬ್ಯಾಟರಿಯೂ ಕೈಕೊಡುತ್ತದೆ. ಇಂಥ ಕಡೆ ಕೆಲಸ ಮಾಡುವವರು 'ಎಲ್ಲ ಇಲ್ಲೇ ಇದ್ದಿದ್ದರೆ ಯುಪಿಎಸ್ ಮೇಲಾದರೂ ನಡೀತಿತ್ತು' ಅಂದರೆ ಅದನ್ನು ಹಳೆಯ ಕಾಲದ ಮನೋಭಾವ ಅಂತ ಬರೆಯಬೇಡಿ. ಅದು ಅನುಭವ. ಆದರೆ ಆಗುಂಬೆ ಕಡೆಯ ಒದ್ದೆ ಗೋಡೆ, ಏಪ್ರಿಲ್‌ನ ಸಿಡಿಲು, ವೈರ್ ಕಡಿಯುವ ಇಲಿ, ಇವೂ ಅನುಭವವೇ. ಗುಡುಗು ಕೇಳಿದ ಕೂಡಲೇ ಮೋಡೆಮ್ ವೈರ್ ಕಿತ್ತಿಡುವ ಜನ ನಾವು. ಅಂಥ ಕಡೆ ಊರಿನ ಒಂದೇ ಕೋಣೆಯಲ್ಲಿ ಎಲ್ಲ ದಾಖಲೆ ಇಡುವುದೂ ಜೂಜೇ. ನೆಟ್ ಬರುವ ದಾರಿ ಸರಿಯಿಲ್ಲದ್ದಕ್ಕೆ ಕ್ಲೌಡ್‌ಗೆ ಬೈಗುಳ ಬೀಳುತ್ತದೆ, ಅಷ್ಟೇ.

ಸಿದ್ಧಾಂತ ಕೇಳಿದರೆ ಎರಡು ಸಾಕು. ಫ್ರೆಡ್ ಡೇವಿಸ್ 1989ರಲ್ಲಿ ಕೊಟ್ಟ ಮಾದರಿ ಪ್ರಕಾರ ಜನ ತಂತ್ರಜ್ಞಾನ ಒಪ್ಪುವುದು ಉಪಯೋಗ ಇದೆ, ಬಳಸಲು ಸುಲಭ ಅನ್ನಿಸಿದಾಗ. ಇದು ಒಬ್ಬೊಬ್ಬರ ಮನಸ್ಸಿನ ಲೆಕ್ಕ. 1990ರ ಟೋರ್ನಾಟ್ಸ್‌ಕಿ ಮತ್ತು ಫ್ಲೈಶರ್ ಮಾದರಿ ತಂತ್ರಜ್ಞಾನ, ಸಂಸ್ಥೆ, ಹೊರಗಿನ ಪರಿಸರ ಮೂರನ್ನೂ ನೋಡುತ್ತದೆ. ಸರ್ಕಾರಿ ಕಚೇರಿಗೆ ಎರಡನೆಯದೇ ಹೊಂದುತ್ತದೆ. ಗುಮಾಸ್ತರಿಗೆ ಇಷ್ಟವಿದ್ದರೂ ಬಜೆಟ್‌ನಲ್ಲಿ ಆ ಖರ್ಚಿಗೆ ಲೆಕ್ಕಶೀರ್ಷಿಕೆ ಇಲ್ಲದಿದ್ದರೆ ಕಡತ ಮುಂದೆ ಹೋಗುವುದಿಲ್ಲ.

ಹಾಗಾಗಿ ಮುಂದಿನ ವಾರ ಹೊಸನಗರ ಕಡೆ ಸರ್ವೆಗೆ ಹೋಗುವಾಗ ನಮ್ಮ ಪ್ರಶ್ನಾವಳಿ ಬದಲಿಸೋಣ. 'ಕ್ಲೌಡ್ ಬಗ್ಗೆ ನಿಮ್ಮ ಅಭಿಪ್ರಾಯಕ್ಕೆ 1ರಿಂದ 5ರವರೆಗೆ ಅಂಕ ಕೊಡಿ' ಅಂದರೆ ಎಲ್ಲರೂ ಸುಮ್ನೆ 4 ಕೊಟ್ಟು ಕಳಿಸುತ್ತಾರೆ. ಬದಲಿಗೆ ಹೀಗೆ ಕೇಳೋಣ: ಕಂಪ್ಯೂಟರ್ ಖರ್ಚು ಯಾವ ಲೆಕ್ಕಶೀರ್ಷಿಕೆಯಲ್ಲಿ ಹೋಗುತ್ತದೆ? ಆಡಿಟ್‌ನಲ್ಲಿ ಅದರ ಬಗ್ಗೆ ಆಕ್ಷೇಪ ಬಂದಿತ್ತಾ? ಮಾಹಿತಿ ಕಳೆದುಹೋದರೆ ವಿವರಣೆ ಬರೆದುಕೊಡಬೇಕಾದವರು ಯಾರು? ದಾಖಲೆಯ ಎರಡನೇ ನಕಲು ಎಲ್ಲಿದೆ? ಕಳೆದ ಮಳೆಗಾಲದಲ್ಲಿ ಎಷ್ಟು ದಿನ ಕೆಲಸ ನಿಂತಿತ್ತು, ಸರ್ವರ್‌ನಿಂದಲೋ ಲೈನ್‌ನಿಂದಲೋ? ಬೆಳಿಗ್ಗೆ ಜನ ಜಾಸ್ತಿ ಇರುತ್ತಾರೆ, ಊಟದ ನಂತರ ಹೋದರೆ ಮಾತಾಡಲು ಸಿಗುತ್ತಾರೆ ಅಂತ ದೊಡ್ಡಪ್ಪ ಹೇಳಿದ್ದಾರೆ.