ಗ್ಯಾಸ್ ಮಾತ್ರೆ ಇದೆಯಲ್ಲ, ಇನ್ನೇನು ಭಯ?

ಪ್ರಶ್ನೆ: ಅಮ್ಮನಿಗೆ 78 ವರ್ಷ. ಹಾಸನದ ವೃದ್ಧಾಶ್ರಮದಲ್ಲಿದ್ದಾರೆ. ಬಿಪಿ, ಶುಗರ್, ಥೈರಾಯ್ಡ್, ಮಂಡಿನೋವು ಎಲ್ಲ ಸೇರಿ ದಿನಕ್ಕೆ 11 ಮಾತ್ರೆ. ಇಷ್ಟೊಂದು ನುಂಗಿದರೆ ಹೀಟ್ ಆಗಲ್ವಾ ಅಂತ ಕೇಳಿದರೆ, 'ಬೆಳಿಗ್ಗೆ ಗ್ಯಾಸ್ ಮಾತ್ರೆ ಕೊಡ್ತೀವಲ್ಲ, ಏನೂ ಆಗಲ್ಲ' ಅಂತಾರೆ. ಸರಿನಾ?

ಉತ್ತರ: ಸರಿಯಲ್ಲ. ಇದೇ ಪ್ರಶ್ನೆ ಕಡೂರಿನಿಂದ ಬಂದಿತ್ತು, ಸಕಲೇಶಪುರದಿಂದಲೂ ಬಂದಿತ್ತು. ಇದೇ ಕೊನೆ ಅಂದುಕೊಂಡು ಉದ್ದಕ್ಕೇ ಬರೆಯುತ್ತೇನೆ. ಮುಂದಿನ ತಿಂಗಳು ಮತ್ತೆ ಬರುತ್ತದೆ ಅನ್ನೋದೂ ಗೊತ್ತು.

ಮೊದಲು ಈ 'ಹೀಟ್'. ಬಾಯಿಹುಣ್ಣಾದರೂ ಹೀಟ್, ಉರಿಮೂತ್ರಕ್ಕೂ ಹೀಟ್, ಮಲಬದ್ಧತೆಗೂ ಹೀಟ್. ಒಂದೊಂದಕ್ಕೂ ಕಾರಣ ಬೇರೆ ಬೇರೆ. ಗ್ಯಾಸ್ ಮಾತ್ರೆ ಅಂತ ಕೊಡೋದು ಸಾಮಾನ್ಯವಾಗಿ ಪ್ಯಾಂಟೊಪ್ರಜೋಲ್ 40 ಮಿ.ಗ್ರಾಂ. ಅದಕ್ಕೆ ಗೊತ್ತಿರುವ ಕೆಲಸ ಒಂದೇ, ಜಠರದಲ್ಲಿ ಆಮ್ಲ ಸುರಿಯುವ ಪಂಪನ್ನು ಕಟ್ಟಿಹಾಕೋದು. ಹೆಸರಿಗೆ ಗ್ಯಾಸ್ ಮಾತ್ರೆ, ಗ್ಯಾಸನ್ನೂ ಅದು ತೆಗೆಯಲ್ಲ. ಉಳಿದ ಹತ್ತು ಮಾತ್ರೆಗಳು ರಕ್ತ ಸೇರಿದ ಮೇಲೆ ಮೂತ್ರಪಿಂಡಕ್ಕೆ, ಮಿದುಳಿಗೆ, ಹೃದಯಕ್ಕೆ ಏನು ಮಾಡುತ್ತವೋ, ಅದರ ಗೊಡವೆಯೇ ಇದಕ್ಕಿಲ್ಲ.

ಮಂಡಿನೋವಿಗೆ ಕೊಡುವ ಡೈಕ್ಲೋಫೆನಾಕನ್ನೇ ನೋಡಿ. ಮಾತ್ರೆ ಜಠರಕ್ಕೆ ತಾಗಿ ಸುಡುತ್ತದೆ ಅಂತ ಬಹಳ ಜನರ ಲೆಕ್ಕ. ಮುಖ್ಯ ಕಾರಣ ಅದಲ್ಲ. ನೋವು, ಊತ ಹೆಚ್ಚಿಸುವ ಪ್ರೊಸ್ಟಗ್ಲಾಂಡಿನ್ ತಯಾರಾಗೋದನ್ನು ಅದು ಮೈಯೆಲ್ಲ ತಡೆಯುತ್ತದೆ. ಆದರೆ ಜಠರದ ಒಳಪದರ ಕಾಯೋದೂ ಪ್ರೊಸ್ಟಗ್ಲಾಂಡಿನ್ನೇ, ಮೂತ್ರಪಿಂಡಕ್ಕೆ ರಕ್ತ ಸರಿಯಾಗಿ ಹರಿಯುವಂತೆ ನೋಡಿಕೊಳ್ಳೋದೂ ಅದೇ. ಸೂಜಿ ಚುಚ್ಚಿ ಕೊಟ್ಟರೂ ಹೊಟ್ಟೆಯಲ್ಲಿ ಹುಣ್ಣಾಗಬಹುದು ಅನ್ನೋದು ಅದಕ್ಕೇ. ಗ್ಯಾಸ್ ಮಾತ್ರೆ ಜಠರವನ್ನು ಉಳಿಸೀತು, ಮೂತ್ರಪಿಂಡವನ್ನಲ್ಲ. ಜೊತೆಗೆ ಬಿಪಿಗೆ ಟೆಲ್ಮಿಸಾರ್ಟನ್, ಕಾಲೂತಕ್ಕೆ ಮೂತ್ರದ ಮಾತ್ರೆಯೂ ಇದ್ದರೆ, ಎರಡು ದಿನ ಭೇದಿಯಾದರೆ ಸಾಕು, ಕ್ರಿಯಾಟಿನಿನ್ (ಮೂತ್ರಪಿಂಡ ಸೋತಾಗ ರಕ್ತದಲ್ಲಿ ಹೆಚ್ಚಾಗುವ ಅಂಶ) ಏರಿಬಿಡಬಹುದು.

ಇನ್ನು ಗ್ಯಾಸ್ ಮಾತ್ರೆಯೇ ಸಾಧುವಾ? ವರ್ಷಗಟ್ಟಲೆ ನುಂಗಿದರೆ ಬಿ12 ಕಮ್ಮಿಯಾಗಬಹುದು. ಶುಗರಿನ ಮೆಟ್‌ಫಾರ್ಮಿನ್ ಕೂಡ ಅದನ್ನೇ ಮಾಡುತ್ತದೆ, ಎರಡೂ ಸೇರಿದರೆ ಕಾಲು ಜೋಮು ಹಿಡಿದಾಗ 'ವಯಸ್ಸಾಯ್ತಲ್ಲ' ಅಂದುಕೊಂಡು ಸುಮ್ಮನಾಗ್ತೀವಿ. ಮೆಗ್ನೀಸಿಯಂ ಇಳಿಯೋದು, ಮೂಳೆ ಮುರಿತ, ಬಿಡದ ಭೇದಿ, ಇವುಗಳ ಅಪಾಯವೂ ಹೆಚ್ಚು. ವೃದ್ಧರಿಗೆ ಯಾವ ಔಷಧಿ ಹುಷಾರಾಗಿ ಕೊಡಬೇಕು ಅನ್ನುವ ಪಟ್ಟಿಯನ್ನು 1991ರಲ್ಲಿ ಅಮೆರಿಕದ ವೈದ್ಯ ಮಾರ್ಕ್ ಬಿಯರ್ಸ್ ಮತ್ತು ಸಂಗಡಿಗರು ಮಾಡಿದ್ದೇ ನರ್ಸಿಂಗ್ ಹೋಮ್‌ನಲ್ಲಿರುವವರಿಗಾಗಿ. (ಅಲ್ಲಿ ನರ್ಸಿಂಗ್ ಹೋಮ್ ಅಂದರೆ ನಮ್ಮ ಹೆರಿಗೆ ಆಸ್ಪತ್ರೆಯಲ್ಲ, ಆರೈಕೆ ಬೇಕಾದ ವೃದ್ಧರು ನೆಲೆಸುವ ಜಾಗ.) ಈಗಿನ ಬಿಯರ್ಸ್ ಪಟ್ಟಿಯ ಪ್ರಕಾರ ಸರಿಯಾದ ಕಾರಣವಿಲ್ಲದೆ ಈ ಮಾತ್ರೆ 8 ವಾರ ದಾಟಬಾರದು. ಹಿಂದೆ ಹುಣ್ಣಾಗಿ ರಕ್ತ ಹೋಗಿದ್ದವರು, ಸ್ಟೀರಾಯ್ಡ್ ಅಥವಾ ನೋವಿನ ಮಾತ್ರೆ ಬಿಡಲಾಗದವರು, ಸ್ಟೆಂಟ್ ಹಾಕಿಸಿಕೊಂಡು ಎರಡು ಥರದ ರಕ್ತ ತೆಳು ಮಾಡುವ ಮಾತ್ರೆ ನುಂಗುವವರು, ಇಂಥವರಿಗೆ ಕಾರಣವಿದೆ. ನಿಮ್ಮಮ್ಮನಿಗೂ ಡೈಕ್ಲೋಫೆನಾಕೇ ಕೊಡುತ್ತಿದ್ದು, ಅದು ನಿಂತರೆ ಬಹುಶಃ ಇದಕ್ಕೂ ಕೆಲಸ ಇರಲ್ಲ. ಆದರೆ ದಿಢೀರ್ ನಿಲ್ಲಿಸಿದರೆ ಆಮ್ಲ ಉಕ್ಕಿ ಎರಡು ವಾರ ಎದೆಯುರಿ ಕಾಡಬಹುದು. 'ನೋಡಿ, ಬಿಡೋಕೇ ಆಗಲ್ಲ' ಅಂತ ಜನ ಮತ್ತೆ ಶುರು ಮಾಡೋದು ಅಲ್ಲೇ. ಡಾಕ್ಟರನ್ನು ಕೇಳಿ 40ರಿಂದ 20ಕ್ಕೆ ಇಳಿಸಿ, ಆಮೇಲೆ ದಿನ ಬಿಟ್ಟು ದಿನ ಕೊಟ್ಟು ನಿಲ್ಲಿಸೋದು ಲೇಸು.

11 ಹೆಚ್ಚಾಯ್ತಾ ಅಂತ ಬರೀ ಲೆಕ್ಕ ನೋಡಿ ಹೇಳೋಕಾಗಲ್ಲ. ಒಂದು ಮಾತ್ರೆಯ ತೊಂದರೆಗೆ ಇನ್ನೊಂದು ಮಾತ್ರೆ ಸೇರಿದೆಯಾ ನೋಡಿ. ಬಿಪಿಗೆ ಆಮ್ಲೋಡಿಪಿನ್, ಅದರಿಂದ ಕಾಲೂತ. ಊತಕ್ಕೆ ಮೂತ್ರದ ಮಾತ್ರೆ ಫ್ರುಸೆಮೈಡ್, ಅದರಿಂದ ರಾತ್ರಿಯೆಲ್ಲ ಎದ್ದು ಬಚ್ಚಲಿಗೆ ಓಡಾಟ. ನಿದ್ದೆ ಕೆಟ್ಟಿತೆಂದು ಅಲ್ಪ್ರಜೋಲಾಮ್, ಅದರ ಮಂಪರಿನಲ್ಲಿ ಬಚ್ಚಲಲ್ಲಿ ಜಾರಿ ಸೊಂಟ ಮುರಿತ. ಆಮ್ಲೋಡಿಪಿನ್ ಊತ ಫ್ರುಸೆಮೈಡಿಗೆ ಅಷ್ಟಾಗಿ ಬಗ್ಗುವುದೂ ಇಲ್ಲ.

ಹಾಗಾಗಿ ಆಶ್ರಮದಿಂದ ಮಾತ್ರೆಗಳನ್ನೆಲ್ಲ ಸ್ಟ್ರಿಪ್ ಸಮೇತ ಒಂದು ಚೀಲಕ್ಕೆ ಹಾಕಿಸಿಕೊಳ್ಳಿ. ಕತ್ತರಿಸಿದ ಸ್ಟ್ರಿಪ್‌ನಲ್ಲಿ ಹೆಸರೂ ಇರಲ್ಲ, ತಾರೀಖೂ ಇರಲ್ಲ, ಅವನ್ನು ಬೇರೆ ಇಡಿ. ಒಂದು ಹಾಳೆಯಲ್ಲಿ ಬ್ರ್ಯಾಂಡ್ ಹೆಸರಲ್ಲ, ಒಳಗಿನ ಔಷಧಿಯ ಹೆಸರು, ಎಷ್ಟು ಮಿ.ಗ್ರಾಂ, ಯಾವಾಗಿನಿಂದ, ಯಾರು ಬರೆದದ್ದು, ಯಾತಕ್ಕೆ ಅಂತ ಬರೆಯಿರಿ. ಒಂದು ಚೀಟಿ ಮಂಗಳೂರಿನದು, ಒಂದು ಮೈಸೂರಿನದು, ಇನ್ನೊಂದು ಊರಿನದೇ ಆದಾಗ ಒಂದೇ ಔಷಧಿ ಎರಡು ಹೆಸರಲ್ಲಿ ಹೊಟ್ಟೆಗೆ ಹೋಗುತ್ತಿರೋದು ಸಿಕ್ಕಿಬೀಳೋದು ಹೀಗೇ. 'ಯಾತಕ್ಕೆ' ಅನ್ನೋ ಕಡೆ ಖಾಲಿ ಉಳಿದ ಮಾತ್ರೆಯ ಬಗ್ಗೆ ಡಾಕ್ಟರಿಗೆ ಮೊದಲು ಕೇಳಿ. ಇತ್ತೀಚಿನ ಕ್ರಿಯಾಟಿನಿನ್ ರಿಪೋರ್ಟ್, ಕೂತಾಗಿನ ಮತ್ತು ನಿಂತಾಗಿನ ಬಿಪಿ ಜೊತೆಗಿರಲಿ. ನಿಂತಾಗ ಮೇಲಿನ ಅಂಕಿ 20 ಇಳಿದರೆ ತಲೆಸುತ್ತಿನ ಕಾರಣ ಅಲ್ಲೇ ಇರಬಹುದು. ತೆಗೆಯೋದಾದರೆ ಒಂದು ಸಲಕ್ಕೆ ಒಂದೇ. ಬಿಪಿಗೆ, ಹೃದಯಕ್ಕೆ ಕೊಡುವ ಮೆಟೊಪ್ರೊಲಾಲ್, ಅಲ್ಪ್ರಜೋಲಾಮ್, ಫಿಟ್ಸ್ ಮಾತ್ರೆ, ಸ್ಟೀರಾಯ್ಡ್ ಇವನ್ನು ನೀವಾಗಿ ನಿಲ್ಲಿಸಲೇಬೇಡಿ.

ನೀವು ಕೇಳದಿದ್ದರೂ ಒಂದು ಮಾತು, ಕಾಫಿ ಸೀಮೆ ಪಕ್ಕದಲ್ಲೇ ಇದೆಯಲ್ಲ. ಥೈರಾಯ್ಡ್ ಮಾತ್ರೆಯನ್ನು ಯಾತರ ಜೊತೆ ಕೊಡ್ತಾರೆ ವಿಚಾರಿಸಿ. ಆರು ಗಂಟೆಗೆ ಕಾಫಿ ಲೋಟ, ಅದರ ಜೊತೆಗೇ ಮಾತ್ರೆ ಅಂದರೆ, ಕಾಫಿ ಅದನ್ನು ಸರಿಯಾಗಿ ಮೈಗೆ ಹತ್ತಲು ಬಿಡಲ್ಲ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳೂ ಅಷ್ಟೇ, ಅವಕ್ಕೆ 4 ಗಂಟೆ ಅಂತರ ಬೇಕು. ಗ್ಯಾಸ್ ಮಾತ್ರೆಯೂ ಅದಕ್ಕೆ ಅಡ್ಡಗಾಲೇ. ಟಿಎಸ್ಎಚ್ (ಥೈರಾಯ್ಡ್ ರಕ್ತಪರೀಕ್ಷೆಯ ಅಂಕಿ) ಇಳಿಯಲಿಲ್ಲ ಅಂತ ಡೋಸ್ ಏರಿಸುತ್ತ ಹೋಗೋ ಬದಲು, ಎದ್ದಕೂಡಲೇ ಬರೀ ನೀರಿನಲ್ಲಿ ಮಾತ್ರೆ, ಮುಕ್ಕಾಲು ಗಂಟೆ ಬಿಟ್ಟು ಕಾಫಿ ಅಂತ ಮಾಡಿಸಿ. ಹೊತ್ತು ಬದಲಾದ ಮೇಲೆ 6ರಿಂದ 8 ವಾರಕ್ಕೆ ಮತ್ತೆ ಟಿಎಸ್ಎಚ್ ಮಾಡಿಸಿ, ಆಗ ಡೋಸ್ ಇಳಿಸಬೇಕಾಗಿ ಬರಬಹುದು.