ಎರೆಹೊಲ ಎಷ್ಟು ಕಾಯುತ್ತದೆ? ತೇವ ಮತ್ತು ಹೊದಿಕೆಯ ಲೆಕ್ಕ

ವಿಜಯಪುರ, ರಾಯಚೂರು, ಬಳ್ಳಾರಿ ಕಡೆ ಏಪ್ರಿಲ್ ಮಧ್ಯಾಹ್ನ ಗಾಳಿಯ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರುತ್ತದೆ. ಅದೇ ಹೊತ್ತಿಗೆ ಬರಿ ಎರೆಮಣ್ಣಿನ (ಕಪ್ಪು ಮಣ್ಣಿನ) ಮೇಲ್ಮೈ 60 ದಾಟಬಹುದು. ಪಕ್ಕದಲ್ಲೇ ನೀರು ಹಾಯಿಸಿದ ಮಡಿ ಮುಟ್ಟಿ ನೋಡಿ, ತಂಪಾಗಿರುತ್ತದೆ. ಬಿಸಿಲು ಒಂದೇ, ಮಣ್ಣೂ ಒಂದೇ. ಹಾಗಾದರೆ ಶಾಖ ಎಲ್ಲಿ ಹೋಯ್ತು? ಈ ಪ್ರಶ್ನೆ ಹಿಡಿದುಕೊಂಡರೆ ಪಾಠ ಸಲೀಸು.

ಮಣ್ಣು ಹೀರಿದ ಶಾಖಕ್ಕೆ ಮುಖ್ಯವಾಗಿ ಮೂರು ದಾರಿ. ಮೇಲಿನ ಗಾಳಿಯನ್ನು ಬಿಸಿ ಮಾಡುತ್ತದೆ, ಕೆಳಕ್ಕೆ ಇಳಿಯುತ್ತದೆ, ಇಲ್ಲವೇ ನೀರನ್ನು ಆವಿ ಮಾಡುತ್ತದೆ. ಒಣ ಮಣ್ಣಿನಲ್ಲಿ ಮೂರನೇ ದಾರಿ ಹೆಚ್ಚುಕಮ್ಮಿ ಮುಚ್ಚಿರುತ್ತದೆ.

ಈ ದಾರಿ ಎಷ್ಟು ದೊಡ್ಡದು ಅಂತ ಲೆಕ್ಕ ಹಾಕೋಣ. ಒಂದು ಚದರ ಮೀಟರಿನಲ್ಲಿ 1 ಮಿ.ಮೀ. ನೀರು ಅಂದರೆ 1 ಲೀಟರ್. ಅದು ಆವಿಯಾಗಲು ಸುಮಾರು 2,450 ಕಿಲೋಜೂಲ್ ಬೇಕು. ಅಷ್ಟೇ ಜಾಗದಲ್ಲಿ 10 ಸೆಂ.ಮೀ. ದಪ್ಪದ ಒಣ ಮಣ್ಣು ಸುಮಾರು 130 ಕೆ.ಜಿ. ತೂಗುತ್ತದೆ. ಅದನ್ನು 1 ಡಿಗ್ರಿ ಏರಿಸಲು ಸುಮಾರು 110 ಕಿಲೋಜೂಲ್ ಸಾಕು. ಭಾಗಿಸಿ ನೋಡಿ: 1 ಮಿ.ಮೀ. ನೀರು ಹೊತ್ತೊಯ್ಯುವ ಶಾಖ ಆ ಪದರವನ್ನು 22 ಡಿಗ್ರಿ ಏರಿಸಬಲ್ಲದು! ಅದೇ ಪದರದಲ್ಲಿ 20 ಮಿ.ಮೀ. ನೀರು ಇದ್ದರೆ 1 ಡಿಗ್ರಿ ಏರಿಸಲು 110 ಅಲ್ಲ, ಸುಮಾರು 190 ಕಿಲೋಜೂಲ್ ಬೇಕು. ಹಾಗಾಗಿ ಹಸಿ ಮಣ್ಣು ನಿಧಾನ ಕಾಯುತ್ತದೆ, ನಿಧಾನ ಆರುತ್ತದೆ.

ಇಲ್ಲಿ ಹಲವರಿಗೆ ಗೊಂದಲ. ಹಸಿ ಮಣ್ಣು ಇನ್ನೂ ಕಪ್ಪಗಾಗುತ್ತದೆ, ಬಿಸಿಲು ಜಾಸ್ತಿ ಹೀರುತ್ತದೆ, ಅಲ್ವಾ? ನಿಜ. ಆದರೂ ಆವಿಯಾಗಿ ಹೋಗುವ ಶಾಖವೇ ಹೆಚ್ಚು, ಹಾಗಾಗಿ ತಂಪು. ಇನ್ನೊಂದು, ನೀರು ಗಾಳಿಗಿಂತ 20 ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ. ಮಣ್ಣಿನ ಸಂದುಗಳಲ್ಲಿ ಗಾಳಿಯ ಬದಲು ನೀರು ತುಂಬಿದರೆ ಶಾಖ ಮೇಲೇ ನಿಲ್ಲದೆ ಕೆಳಗಿಳಿಯುತ್ತದೆ. ಸಾಮಾನ್ಯವಾಗಿ 10 ಸೆಂ.ಮೀ. ಆಳದ ಹೊತ್ತಿಗೆ ದಿನದ ಏರಿಳಿತ ಮೇಲ್ಮೈಯದರ ಮೂರನೇ ಒಂದು ಭಾಗಕ್ಕೆ ಬಂದಿರುತ್ತದೆ. ಅಲ್ಲಿ ಅತಿ ಹೆಚ್ಚು ಬಿಸಿ ಕಾಣುವುದು ಸುಮಾರು ನಾಲ್ಕು ತಾಸು ತಡವಾಗಿ, ಅಂದರೆ ಸಂಜೆ.

ಈಗ ಎಡೆಕುಂಟೆ, ಅಂದರೆ ಬೆಳೆಸಾಲುಗಳ ನಡುವೆ ಮೇಲ್ಮಣ್ಣು ಸಡಿಲಿಸುವ ಸಲಕರಣೆ, ನೆನಪಿಸಿಕೊಳ್ಳಿ. ಹಿಂಗಾರಿ ಜೋಳದ ಸಾಲುಗಳ ನಡುವೆ ಕುಂಟೆ ಹೊಡೆದರೆ ಬಿರುಕು ಮುಚ್ಚುತ್ತದೆ, ಮೇಲೆ ಎರಡು ಬೆರಳು ಪುಡಿ ಮಣ್ಣು ಕೂರುತ್ತದೆ. ಆ ಪುಡಿ ಬೇಗ ಒಣಗಿ ಕೆಂಡದಂತೆ ಕಾಯುತ್ತದೆ. ಆದರೆ ಅದರ ತುಂಬ ಗಾಳಿ. ಶಾಖ ಕೆಳಗಿಳಿಯುವುದಿಲ್ಲ, ಕೆಳಗಿನ ಹಸಿ ಬೇಗ ಮೇಲೇರುವುದಿಲ್ಲ. ಕುಂಟೆ ಹೊಡೆದ ಹೊಲದಲ್ಲಿ ಮೇಲ್ಮೈ ಬಿಸಿ, ಬೇರಿನ ವಲಯ ತಂಪು. ಯಾವ ಆಳದಲ್ಲಿ ಅಳೆದದ್ದು ಅಂತ ಹೇಳದ ಮಣ್ಣಿನ ಉಷ್ಣಾಂಶಕ್ಕೆ ಅರ್ಥವೇ ಇಲ್ಲ ಅನ್ನುವುದು ಇದಕ್ಕೇ.

ಗಿಡಗಳ ವಿಷಯ ಸುಲಭ ಅನಿಸುತ್ತದೆ: ನೆರಳು ಕೊಡುತ್ತವೆ, ನೆಲ ತಂಪು. ಒಣಭೂಮಿಯಲ್ಲಿ ಮಾತ್ರ ಇದು ಅರ್ಧ ಸತ್ಯ. ಗಿಡ ನೀರು ಕುಡಿಯುತ್ತದೆ. ಕಳೆ ತುಂಬಿದ ಹೊಲದಲ್ಲಿ ಇವತ್ತು ನೆರಳಿದೆ, ಆದರೆ ಆಳದ ಹಸಿ ಖಾಲಿಯಾಗುತ್ತಿದೆ. ಎಲೆ ಬಾಡಿ ಉದುರಿದ ಮೇಲೆ ಉಳಿಯುವುದು ಒಣಗಿದ, ಬಿಸಿಲಿಗೆ ಬಿದ್ದ ಮಣ್ಣು. ಎರೆಭೂಮಿಯ ರೈತರು ಮುಂಗಾರಿನಲ್ಲಿ ಹೊಲ ಖಾಲಿ ಬಿಟ್ಟು, ಕಳೆ ತೆಗೆಯುತ್ತಾ ಹಿಂಗಾರಿಗೆ ಹಸಿ ಕೂಡಿಡುವುದು ಸುಮ್ನೆ ಅಲ್ಲ.

ಒಣಗಿದ ದಂಟು, ಎಲೆ, ಹೊಟ್ಟು ಹರಡಿದರೆ ನೆರಳು ಸಿಗುತ್ತದೆ, ನೀರು ಕುಡಿಯುವವರಿಲ್ಲ. ನನ್ನ ಮಟ್ಟಿಗೆ ಒಣಭೂಮಿಗೆ ಇದೇ ಒಳ್ಳೆಯ ಹೊದಿಕೆ. ಹಸಿ ಇರುವಾಗಲೇ ಹರಡಬೇಕು. ಒಣಗಿದ ಮೇಲೆ ದಪ್ಪಗೆ ಹೊದಿಸಿದರೆ ಸಣ್ಣ ಮಳೆ ಹೊದಿಕೆಯಲ್ಲೇ ನಿಂತು ಆರಿಹೋಗುತ್ತದೆ.

ಪ್ರಾಯೋಗಿಕದಲ್ಲಿ ಬರಿ ಮಣ್ಣನ್ನೂ ಹೊದಿಸಿದ ಮಣ್ಣನ್ನೂ ಹೋಲಿಸುವಾಗ ಮಧ್ಯಾಹ್ನದ ಅಳತೆ ಒಂದೇ ಸಾಲದು. ಹೊದಿಕೆ ರಾತ್ರಿ ಶಾಖ ಹೊರಹೋಗುವುದನ್ನೂ ತಡೆಯುತ್ತದೆ. ಚಳಿಗಾಲದ ಬೆಳಗ್ಗೆ ಹೊದಿಸಿದ ಮಣ್ಣೇ ತುಸು ಬೆಚ್ಚಗಿದ್ದರೆ ಅಳತೆ ತಪ್ಪಿತು ಅಂದುಕೊಳ್ಳಬೇಡಿ. ಕೃಷಿ ಹವಾಮಾನ ಕೇಂದ್ರಗಳಲ್ಲಿ 5, 10, 20 ಸೆಂ.ಮೀ. ಆಳದ ಥರ್ಮಾಮೀಟರುಗಳನ್ನು ಬೆಳಗ್ಗೆ 7ಕ್ಕೂ ಮಧ್ಯಾಹ್ನ 2ಕ್ಕೂ ನೋಡುತ್ತಾರೆ. ನೀವೂ ಎರಡೂ ಹೊತ್ತು ಬರೆದಿಟ್ಟುಕೊಳ್ಳಿ.