ಜಮ್ಮು, ಕಾಶ್ಮೀರ, ಲಡಾಖ್: ಮೂರೂ ಒಂದೇ ಸಂಸ್ಥಾನ ಆಗಿದ್ದು ಯಾವಾಗ?

ಓದುಗರ ಪ್ರಶ್ನೆ: ಜಮ್ಮುವಿನ ಮಾತು ಡೋಗ್ರಿ, ಕಣಿವೆಯದು ಕಾಶ್ಮೀರಿ, ಲಡಾಖಿನದು ಟಿಬೆಟಿಗೆ ಹತ್ತಿರದ ಲಡಾಖಿ. ಊಟ ಬೇರೆ, ಹವೆ ಬೇರೆ, ಹೆಚ್ಚಿನವರ ಧರ್ಮವೂ ಬೇರೆ. ಹಾಗಿದ್ದೂ 1947ರಲ್ಲಿ ಇವೆಲ್ಲ ಒಬ್ಬನೇ ರಾಜನ ಕೈಯಲ್ಲಿ ಇದ್ದದ್ದು ಹೇಗೆ? ಮೊದಲಿಂದಲೂ ಒಂದೇ ನಾಡಾಗಿತ್ತಾ?

ಇಲ್ಲ. 1947ಕ್ಕೆ ಅವು ಒಂದಾಗಿ 101 ವರ್ಷ ಆಗಿತ್ತು, ಅಷ್ಟೆ. 1846ರ ಮಾರ್ಚ್ 16ರ ಅಮೃತಸರ ಒಪ್ಪಂದದಿಂದ ಆ ಸಂಸ್ಥಾನ ಹುಟ್ಟಿತು. ಓದಿದರೆ ಜಮೀನಿನ ಕ್ರಯಪತ್ರದ ಹಾಗೇ ಇದೆ: ಗಡಿ, ದುಡ್ಡು, ಕಂತು. ಆದರೆ ಕಣಿವೆಯ ಹಳೆಯ ಕಥೆ ಸ್ವಲ್ಪ ತಿಳಿಯದಿದ್ದರೆ, ಅವತ್ತು ಮಾರಾಟ ಆಗಿದ್ದು ಎಂಥ ನಾಡು ಅಂತಲೇ ಗೊತ್ತಾಗುವುದಿಲ್ಲ.

ಶ್ರೀನಗರದ ಹತ್ತಿರ, ದಾಲ್ ಸರೋವರ ಕಾಣುವ ಎತ್ತರದ ದಿಬ್ಬದ ಮೇಲೆ ಬುರ್ಜಹೋಮ್ ಅನ್ನುವ ಜಾಗ ಇದೆ. ಸುಮಾರು 5000 ವರ್ಷದ ಹಿಂದೆ ಅಲ್ಲಿನ ಜನ ನೆಲ ಅಗೆದು ಗುಂಡಿಮನೆ ಮಾಡಿಕೊಂಡಿದ್ದರು. ಮೇಲೆ ಬಾಯಿ ಕಿರಿದು, ಕೆಳಗೆ ತಳ ಅಗಲ. ಒಳಗೋಡೆಗೆ ಮಣ್ಣು ಮೆತ್ತಿದ್ದರು. ಆಳದ ಗುಂಡಿಗಳಿಗೆ ಇಳಿಯಲು ಮೆಟ್ಟಿಲು ಕೂಡ ಇತ್ತು. ಮೂಳೆಯ ಸೂಜಿ, ಮೂಳೆಯ ಈಟಿಮೊನೆ ಸಿಕ್ಕಿವೆ. ಸತ್ತವರ ಪಕ್ಕದಲ್ಲೇ ನಾಯಿಯನ್ನೂ ಹೂಳಿದ್ದಾರೆ. ಒಂದು ಕಲ್ಲಿನ ಮೇಲೆ ಜಿಂಕೆ ಬೇಟೆಯ ಚಿತ್ರ ಕೊರೆದಿದ್ದಾರೆ. ಅದರಲ್ಲಿ ಆಕಾಶಕ್ಕೆ ಎರಡು ಸೂರ್ಯ! ಯಾಕೆ ಎರಡು ಅನ್ನುವುದರ ಬಗ್ಗೆ ತಿಳಿದವರು ಇನ್ನೂ ವಾದ ಮಾಡುತ್ತಾರೆ.

ಆಮೇಲೆ ಅಶೋಕ ಬಂದ, ಕನಿಷ್ಕ ಬಂದ, ಬೌದ್ಧ ಧರ್ಮ ಬೆಳೆಯಿತು. 8ನೇ ಶತಮಾನದ ಲಲಿತಾದಿತ್ಯ ಮಾರ್ತಾಂಡದಲ್ಲಿ ಕಟ್ಟಿಸಿದ ಸೂರ್ಯ ದೇವಾಲಯದ ಅವಶೇಷ ಇವತ್ತಿಗೂ ನಿಂತಿದೆ. ಆದರೆ ನನಗೆ ಈ ರಾಜರಿಗಿಂತ ಜಾಸ್ತಿ ಇಷ್ಟ ಆಗುವವನು ಸುಯ್ಯ.

9ನೇ ಶತಮಾನ, ದೊರೆ ಅವಂತಿವರ್ಮನ ಕಾಲ. ಬಾರಾಮುಲ್ಲಾ ಕಡೆ ಝೀಲಂ ನದಿಗೆ ಗುಡ್ಡದ ಕಲ್ಲು ಉರುಳಿ ಬಿದ್ದು ಹರಿವು ಕಟ್ಟಿಕೊಂಡಿತ್ತು. ನೀರು ಹಿಂದಕ್ಕೆ ನಿಂತು ಗದ್ದೆಗಳೆಲ್ಲ ಮುಳುಗುತ್ತಿದ್ದವು, ಬರ ಬರುತ್ತಿತ್ತು. ಸುಯ್ಯ ಖಜಾನೆಯ ನಾಣ್ಯ ತುಂಬಿದ ಮಡಕೆಗಳನ್ನು ದೋಣಿಯಲ್ಲಿ ಒಯ್ದು, ಕಲ್ಲು ಬಿದ್ದ ಜಾಗದಲ್ಲೇ ನೀರಿಗೆ ಎರಚಿದ. ಜನ ಹುಚ್ಚ ಅಂದುಕೊಂಡರು. ಹಸಿದಿದ್ದ ಊರವರು ನಾಣ್ಯಕ್ಕಾಗಿ ನದಿಗೆ ಇಳಿದು, ಕಲ್ಲನ್ನೆಲ್ಲ ಎಳೆದು ದಡಕ್ಕೆ ಹಾಕಿದರು. ನೀರು ಹರಿಯಿತು. ಆಮೇಲೆ ಅವನು ಒಡ್ಡು ಕಟ್ಟಿಸಿ, ಕಾಲುವೆ ತೆಗೆಸಿದ. ಒಂದು ಖಾರಿ (ಆ ಕಾಲದ ಅಳತೆ) ಅಕ್ಕಿಯ ಬೆಲೆ 200 ದೀನಾರದಿಂದ 36ಕ್ಕೆ ಇಳಿಯಿತು ಅಂತ ಕಲ್ಹಣ ಬರೆಯುತ್ತಾನೆ. ಸುಯ್ಯಪುರವೇ ಇಂದಿನ ಸೋಪೋರ್.

ಕಲ್ಹಣ 12ನೇ ಶತಮಾನದವನು, ‘ರಾಜತರಂಗಿಣಿ’ ಬರೆದವನು. ಅದರಲ್ಲಿ ನಮ್ಮ ನಾಡಿನ ಮಾತೂ ಬರುತ್ತದೆ. ಕಾಶ್ಮೀರದ ಕವಿ ಬಿಲ್ಹಣ ಊರು ಬಿಟ್ಟು ಅಲೆದು, ಕೊನೆಗೆ ಕಲ್ಯಾಣದ ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ಆಸ್ಥಾನ ಸೇರಿದ. ಅದೇ ನಮ್ಮ ಇಂದಿನ ಬಸವಕಲ್ಯಾಣ. ಅತ್ತ ಕಾಶ್ಮೀರದ ದೊರೆ ಹರ್ಷ ದಕ್ಷಿಣದ ಶೋಕಿಗೆ ಮರುಳಾಗಿ ಕರ್ಣಾಟದ ನಾಣ್ಯದ ಮಾದರಿಯಲ್ಲಿ ತನ್ನ ನಾಣ್ಯ ಹಾಕಿಸಿದ.

ಇಷ್ಟು ಹೊತ್ತು ಹೇಳಿದ್ದೆಲ್ಲ ಕಣಿವೆಯ ಕಥೆ ಅನ್ನುವುದನ್ನು ಗಮನಿಸಿ. ಜಮ್ಮು ಕಡೆ ಬೆಟ್ಟದ ಪಾಳೆಯಗಾರರು ತಮ್ಮ ಪಾಡಿಗೆ ಇದ್ದರು. ಲಡಾಖಿಗೆ ತನ್ನದೇ ಅರಸರು, ಗಿಲ್ಗಿಟ್ ಕಡೆಗೂ ಬೇರೆ ಅರಸರು. ಕೆಲವು ಕಾಶ್ಮೀರಿ ದೊರೆಗಳು ದಂಡು ಕಟ್ಟಿಕೊಂಡು ಬೆಟ್ಟ ದಾಟಿದ್ದರು, ನಿಜ. ಆದರೆ ಎಲ್ಲವನ್ನೂ ಸೇರಿಸಿ ತಲೆತಲಾಂತರ ಆಳಿದವರಿಲ್ಲ.

1320ರ ಹೊತ್ತಿಗೆ ಹೊರಗಿನ ದಾಳಿಯಿಂದ ಕಣಿವೆ ಹಾಳಾಗಿದ್ದಾಗ, ಅಲ್ಲಿ ಆಶ್ರಯ ಪಡೆದಿದ್ದ ಲಡಾಖಿನ ರಾಜಕುಮಾರ ರಿಂಚನ ಸಿಂಹಾಸನ ಹಿಡಿದು ಮುಸ್ಲಿಮನಾದ. 1339ರಲ್ಲಿ ಶಾಹ್ ಮೀರ್ ವಂಶ ಶುರುವಾಯಿತು. ಅದೇ ವಂಶದ ಸಿಕಂದರ್ ಗುಡಿಗಳನ್ನು ಕೆಡವಿಸಿದ. ಅವನ ಮಗ ಜೈನುಲ್ ಆಬಿದೀನ್ ಓಡಿಹೋಗಿದ್ದ ಪಂಡಿತರನ್ನು ವಾಪಸ್ ಕರೆಸಿದ, ಸಂಸ್ಕೃತದಿಂದ ಪಾರ್ಸಿಗೆ ಅನುವಾದ ಮಾಡಿಸಿದ, ಕಸುಬುದಾರರನ್ನು ಬೆಳೆಸಿದ. ಜನ ಅವನನ್ನು ಇಂದಿಗೂ ಬಡ್‌ಶಾಹ್, ಅಂದರೆ ದೊಡ್ಡ ದೊರೆ, ಅಂತಲೇ ನೆನೆಯುತ್ತಾರೆ. 1586ರಲ್ಲಿ ಅಕ್ಬರನ ಸೈನ್ಯ ಬಂತು. ಆಮೇಲೆ ಅಫ್ಘಾನರು. 1819ರಲ್ಲಿ ಪಂಜಾಬಿನ ಸಿಖ್ ದೊರೆ ರಣಜಿತ್ ಸಿಂಗ್. ಅಕ್ಬರನಿಂದ ಮುಂದೆ ಕಣಿವೆಯನ್ನು ಕಣಿವೆಯವರು ಆಳಲಿಲ್ಲ.

ಈಗ ಕ್ರಯಪತ್ರಕ್ಕೆ ಬರೋಣ. ಜಮ್ಮುವಿನ ಡೋಗ್ರಾ ಗುಲಾಬ್ ಸಿಂಗ್ ರಣಜಿತ್ ಸಿಂಗ್ ಕೈಕೆಳಗೆ ಇದ್ದವನು. 1822ರಲ್ಲಿ ಜಮ್ಮುವಿನ ರಾಜನಾದ. ಅವನ ಸೇನಾನಿ ಜೋರಾವರ್ ಸಿಂಗ್ 1834ರಿಂದ ಹಿಮದ ಬೆಟ್ಟ ದಾಟಿ ಲಡಾಖ್ ಗೆದ್ದ, ಆಮೇಲೆ ಬಾಲ್ಟಿಸ್ತಾನ್ ಗೆದ್ದ, 1841ರ ಚಳಿಗಾಲದಲ್ಲಿ ಟಿಬೆಟಿನಲ್ಲಿ ಸತ್ತ. 1846ರಲ್ಲಿ ಸಿಖ್ಖರು ಇಂಗ್ಲಿಷರ ಮುಂದೆ ಸೋತರು. ಆ ಯುದ್ಧದಲ್ಲಿ ಗುಲಾಬ್ ಸಿಂಗ್ ದೂರವೇ ಉಳಿದಿದ್ದ. ಸಿಖ್ಖರ ಸರ್ಕಾರವಾದ ಲಾಹೋರ್ ದರ್ಬಾರ್ ಒಂದೂವರೆ ಕೋಟಿ ರೂಪಾಯಿ ದಂಡ ಕೊಡಬೇಕಿತ್ತು. ಅಷ್ಟು ದುಡ್ಡು ಇರಲಿಲ್ಲ. ಒಂದು ಕೋಟಿಯ ಬದಲು ಕಾಶ್ಮೀರವೂ ಸೇರಿದಂತೆ ಬೆಟ್ಟದ ಸೀಮೆಯನ್ನೇ ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟಿತು. ವಾರದೊಳಗೆ ಕಂಪನಿ ಅದರ ಬಹುಭಾಗವನ್ನು ಗುಲಾಬ್ ಸಿಂಗ್‌ಗೆ 75 ಲಕ್ಷ ನಾನಕ್‌ಶಾಹಿ (ಸಿಖ್ಖರ ನಾಣ್ಯ) ರೂಪಾಯಿಗೆ ಕೊಟ್ಟಿತು. ಅದರ ಜೊತೆ ಅವನು ಪ್ರತಿ ವರ್ಷ ಒಂದು ಕುದುರೆ, ಶಾಲಿನ ಉಣ್ಣೆ ಕೊಡುವ 12 ಆಡು, ಮೂರು ಜೊತೆ ಶಾಲು ಒಪ್ಪಿಸಬೇಕು.

ಕಣಿವೆಯವರನ್ನು ಯಾರೂ ಒಂದು ಮಾತು ಕೇಳಲಿಲ್ಲ. ನನ್ನ ಮಟ್ಟಿಗೆ ಮುಂದಿನ ನೂರು ವರ್ಷದ ನೋವಿನ ಬೇರು ಇಲ್ಲೇ ಇದೆ. ಶಾಲು ನೇಯುವವರ ಮೇಲೆ ಹೊರಲಾರದ ತೆರಿಗೆ ಬಿತ್ತು. 1865ರಲ್ಲಿ ಅವರು ಶ್ರೀನಗರದಲ್ಲಿ ಬೀದಿಗೆ ಇಳಿದಾಗ ಸೈನ್ಯ ಮೇಲೆ ಬಿದ್ದು ಹಲವರು ಸತ್ತರು. ರೈತರನ್ನು ಬಿಟ್ಟಿ ಚಾಕರಿಗೆ ಹಿಡಿದು ಗಿಲ್ಗಿಟ್ ದಾರಿಯಲ್ಲಿ ಹೊರೆ ಹೊರಿಸುತ್ತಿದ್ದರು. 1931ರ ಜುಲೈ 13ರಂದು ಶ್ರೀನಗರದ ಜೈಲಿನ ಹೊರಗೆ ಪೊಲೀಸರ ಗುಂಡಿಗೆ ಇಪ್ಪತ್ತಕ್ಕೂ ಜಾಸ್ತಿ ಜನ ಬಲಿಯಾದರು. ಮರುವರ್ಷ ಮುಸ್ಲಿಂ ಕಾನ್ಫರೆನ್ಸ್ ಹುಟ್ಟಿತು. 1939ರಲ್ಲಿ ಶೇಖ್ ಅಬ್ದುಲ್ಲಾ ಅದನ್ನು ಎಲ್ಲ ಧರ್ಮದವರ ನ್ಯಾಷನಲ್ ಕಾನ್ಫರೆನ್ಸ್ ಮಾಡಿದರು. 1946ರಲ್ಲಿ ಅವರು ಡೋಗ್ರಾ ರಾಜಮನೆತನಕ್ಕೆ ‘ಕಾಶ್ಮೀರ ಬಿಟ್ಟು ತೊಲಗಿ’ ಅಂದಾಗ, ಅಮೃತಸರದ ಆ ಮಾರಾಟವೇ ಒಪ್ಪಿಗೆ ಇಲ್ಲ ಅಂತ ವಾದಿಸಿದರು.

1947ರ ಆಗಸ್ಟ್ 15 ಬಂದಾಗ ಗುಲಾಬ್ ಸಿಂಗ್ ವಂಶದ ಮಹಾರಾಜ ಹರಿ ಸಿಂಗ್ ಭಾರತ, ಪಾಕಿಸ್ತಾನ ಯಾವ ಕಡೆಗೂ ಸೇರಲಿಲ್ಲ. ಪೂಂಚ್‌ನಲ್ಲಿ ಅವನ ವಿರುದ್ಧ ದಂಗೆ ಎದ್ದಿತು. ಜಮ್ಮುವಿನ ಬಯಲಲ್ಲಿ ಮುಸ್ಲಿಮರ, ಮುಜಫ್ಫರಾಬಾದ್, ಮೀರ್‌ಪುರ ಕಡೆ ಹಿಂದೂ ಸಿಖ್ಖರ ಕೊಲೆಗಳಾದವು. ಅಕ್ಟೋಬರ್ 22ಕ್ಕೆ ಪಾಕಿಸ್ತಾನದ ಕಡೆಯಿಂದ ಬುಡಕಟ್ಟು ಪಡೆಗಳು ನುಗ್ಗಿ ಬಾರಾಮುಲ್ಲಾ ಲೂಟಿ ಮಾಡಿದವು. 26ಕ್ಕೆ ಹರಿ ಸಿಂಗ್ ಭಾರತಕ್ಕೆ ಸೇರುವ ಪತ್ರಕ್ಕೆ ಸಹಿ ಹಾಕಿದ. ಮರುದಿನ ಬೆಳಿಗ್ಗೆ ಭಾರತದ ಸೈನಿಕರು ಶ್ರೀನಗರದಲ್ಲಿ ಇಳಿದರು. ಶಾಂತಿ ಬಂದಮೇಲೆ ಜನರ ಅಭಿಪ್ರಾಯ ಕೇಳಬೇಕು ಅಂತ ಮೌಂಟ್‌ಬ್ಯಾಟನ್ ಅದೇ ದಿನದ ಪತ್ರದಲ್ಲಿ ಬರೆದರು.

1949ರ ಜನವರಿ 1ಕ್ಕೆ ಕದನ ನಿಂತಿತು. ಕಣಿವೆಯ ಹೆಚ್ಚಿನ ಭಾಗ, ಜಮ್ಮು, ಲೇಹ್, ಕಾರ್ಗಿಲ್ ಭಾರತದ ಕಡೆ. ಗಿಲ್ಗಿಟ್, ಬಾಲ್ಟಿಸ್ತಾನ್, ಮುಜಫ್ಫರಾಬಾದ್, ಮೀರ್‌ಪುರ ಪಾಕಿಸ್ತಾನದ ಕೈಯಲ್ಲಿ. ಪೂಂಚ್ ನಡುವೆ ಸೀಳಿತು. ನಾವು ಚಿಕ್ಕಂದಿನಿಂದ ‘ಕಾಶ್ಮೀರಪುರವಾಸಿನಿ’ ಅಂತ ಹೇಳಿಕೊಂಡು ಬಂದ ಶಾರದೆಯ ಹಳೆಯ ಗುಡಿ, ಕಿಶನ್‌ಗಂಗಾ ದಡದ್ದು, ಅದೂ ಕದನ ನಿಂತ ಆ ಗಡಿರೇಖೆಯ ಆಚೆಗೇ ಉಳಿಯಿತು.